ಹೆಪ್ಪುಗಟ್ಟುವ ಚಳಿಯಲ್ಲಿ ಈಜುಕೊಳದ ರಕ್ಷಣೆ

ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ ಎಂಬ ಸಂಗತಿಯನ್ನು ನಾವೆಲ್ಲರೂ ಪ್ರೌಢಶಾಲೆಯ ಪಾಠಗಳಲ್ಲಿಯೇ ಓದಿರುತ್ತೇವೆ. ಪರೀಕ್ಷೆಯಲ್ಲಿ ಒಂದೆರಡು ಅಂಕಗಳನ್ನು ದೊರಕಿಸಿಕೊಟ್ಟ ಬಳಿಕ ಅದು ಮರೆತುಹೋಗುವುದೂ ಉಂಟು. ನಮ್ಮ ನಾಡಿನ ಹವೆಯೇ ಇದಕ್ಕೆ ಕಾರಣ. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆಯೆಂದರೆ ೧೮೮೪ನೆಯ ಇಸವಿ ಜನವರಿಯ ೭.೮ ಡಿಗ್ರಿ ಸೆಲ್ಸಿಯಸ್. ನಮ್ಮ ಕೆರೆ ಬಾವಿಗಳ ನೀರು ಗಡ್ಡೆಕಟ್ಟಿದುದನ್ನಾಗಲಿ, ನಲ್ಲಿಯ ಕೊಳವೆ ಚಳಿಗೆ ಸೀಳಿದುದನ್ನಾಗಲಿ ನಾವು ಕಂಡವರಲ್ಲ. ಆದರೆ ಉತ್ತರ ಅಮೆರಿಕದ ಮನೆಗಳವರಿಗೆ ಈ ಚಿಕ್ಕ ಸಂಗತಿಯು ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ ಭಾರಿ ನಷ್ಟವನ್ನು ತಂದೊಡ್ಡುತ್ತದೆ.

೨೦೨೧ನೆಯ ಇಸವಿ ಫೆಬ್ರವರಿ ತಿಂಗಳ ನಡುವಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಸ್ ರಾಜ್ಯದಲ್ಲಿ ಇಂಥದೇ ಅನಾಹುತ ಸಂಭವಿಸಿತು. ಟೆಕ್ಸಸ್ ಬಿಸಿಲಿನ ನಾಡು. ಅಲ್ಲಿನ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಲ್ಲಿ ಹಿತ್ತಲಿನಲ್ಲೊಂದು ಈಜುಕೊಳವಿರುವ ಮನೆಗಳು ಬಹಳ. ಅಲ್ಲಿ ನೆಲಸಿರುವ ಕನ್ನಡಿಗರಿಗೂ ಇದು ಅಪರಿಚಿತವಾದ ವಸ್ತುವಲ್ಲ. ಆ ತಿಂಗಳು ಧ್ರುವದ ಕಡೆಯಿಂದ ಇಳಿದುಬಂದ ಶೀತಮಾರುತವು ರಾಜ್ಯವನ್ನೆಲ್ಲ ಆವರಿಸಿತು. ಫೆಬ್ರವರಿ ೧೬ರಂದು ಡಲ್ಲಾಸ್-ಫೋರ್ಟ್‌ವರ್ತ್ ವಿಮಾನನಿಲ್ದಾಣದಲ್ಲಿ ಉಷ್ಣತೆ ಶೂನ್ಯಕ್ಕಿಂತ ೧೯ ಡಿಗ್ರಿಗಳಷ್ಟು ಕೆಳಗಿಳಿಯಿತು. ಹಿಂದಿನ ದಿನ ನಸುಕಿನಲ್ಲಿಯೇ ವಿದ್ಯುತ್ತಿನ ಅಭಾವ ತಲೆದೋರಿ, ೪೫ ಲಕ್ಷಕ್ಕೂ ಹೆಚ್ಚು ಮನೆಗಳು ಮತ್ತು ವ್ಯಾಪಾರಸ್ಥಳಗಳು ಕತ್ತಲೆಯಲ್ಲಿ ಮುಳುಗಿದವು. ಈ ವಿಪತ್ತಿನಲ್ಲಿ ಮಡಿದವರು ೨೪೬ ಮಂದಿ ಎಂದು ರಾಜ್ಯದ ಅಧಿಕೃತ ಲೆಕ್ಕ. ಅಂಥ ದುಃಖದ ಮುಂದೆ ಈಜುಕೊಳದ ಹಾನಿ ಅಲ್ಪವೇ ಸರಿ. ಆದರೂ ಆ ವಾರ ಸಾವಿರಾರು ಹಿತ್ತಲುಗಳಲ್ಲಿ ಪಂಪುಗಳೂ ಕೊಳವೆಗಳೂ ಒಡೆದವು. ಬದಲಿ ಭಾಗಗಳು ದೊರೆಯದೆ ಎಷ್ಟೋ ಮನೆಯವರು ತಿಂಗಳುಗಟ್ಟಲೆ ಕಾಯಬೇಕಾಯಿತು. ಈ ಹಾನಿಯಲ್ಲಿ ಹೆಚ್ಚಿನ ಪಾಲನ್ನು ಒಂದು ಇಕ್ಕಳದಿಂದ, ಅರ್ಧ ಗಂಟೆಯ ಕೆಲಸದಿಂದ ತಪ್ಪಿಸಬಹುದಾಗಿತ್ತು. ಅದು ಹೇಗೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಕೊಳ ಮತ್ತು ಅದರ ಅಂಗಗಳು

ಈಜುಕೊಳವೆಂದರೆ ನೆಲದಲ್ಲಿ ತೋಡಿ ಕಾಂಕ್ರೀಟು ಬಳಿದ ಒಂದು ಗುಂಡಿ ಮಾತ್ರವಲ್ಲ. ಅದರ ನೀರು ಕೊಳೆಯದಂತೆ ದಿನವೂ ಶುದ್ಧಿಯಾಗುತ್ತಿರಬೇಕು. ಕೊಳದ ಅಂಚಿನಲ್ಲಿ, ನೀರಿನ ಮೇಲೆ ತೇಲುವ ಎಲೆ ಕಸಗಳನ್ನು ಸೆಳೆದುಕೊಳ್ಳುವ ಸ್ಕಿಮ್ಮರ್ ಎಂಬ ಗೂಡೊಂದಿರುತ್ತದೆ. ಅಲ್ಲಿಂದ ಹೊರಟ ನೀರು ಕೊಳವೆಯ ಮೂಲಕ ಪಂಪಿಗೆ ಬಂದು, ಫಿಲ್ಟರಿನಲ್ಲಿ ಸೋಸಲ್ಪಟ್ಟು, ಕೆಲವು ಮನೆಗಳಲ್ಲಿ ಹೀಟರಿನೊಳಗೆ ಹಾಯ್ದು, ಬೇರೊಂದು ಕೊಳವೆಯ ಮೂಲಕ ಕೊಳಕ್ಕೆ ಹಿಂದಿರುಗುತ್ತದೆ. ಕೊಳದ ದೇಹದಲ್ಲಿ ಪಂಪು ಹೃದಯವಾದರೆ ಕೊಳವೆಗಳು ರಕ್ತನಾಳಗಳೆನ್ನಬಹುದು. ಟೆಕ್ಸಸ್ಸಿನಂತಹ ಬೆಚ್ಚನೆಯ ಸೀಮೆಯಲ್ಲಿ ಈ ಯಂತ್ರಗಳೆಲ್ಲ ಮನೆಯ ಹೊರಗೆ ಬಯಲಿನಲ್ಲಿಯೇ ನಿಂತಿರುತ್ತವೆ.

ಈಗ ಒಂದು ಪ್ರಶ್ನೆ. ಚಳಿ ಬಂದಾಗ ಇವುಗಳಲ್ಲಿ ಯಾವುದಕ್ಕೆ ಮೊದಲು ಅಪಾಯ? ಎಲ್ಲಕ್ಕೂ ಹೆಚ್ಚು ನೀರಿರುವುದು ಕೊಳದಲ್ಲಿ. ಆದುದರಿಂದ ಅಪಾಯವೂ ಅಲ್ಲಿಯೇ ಹೆಚ್ಚೆಂದು ಮೊದಲ ನೋಟಕ್ಕೆ ತೋರುವುದು ಸಹಜ. ನಿಜಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಒಂದು ಸಣ್ಣ ಲೆಕ್ಕದಿಂದ ಇದನ್ನು ಮನಗಾಣಬಹುದು.

ಅರವತ್ತು ಗಂಟೆ ಮತ್ತು ಇಪ್ಪತ್ತನಾಲ್ಕು ನಿಮಿಷ

೧೦ ಮೀಟರು ಉದ್ದ, ೫ ಮೀಟರು ಅಗಲ, ಸರಾಸರಿ ಒಂದೂವರೆ ಮೀಟರು ಆಳವುಳ್ಳ ಕೊಳವೊಂದನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ ೭೫,೦೦೦ ಲೀಟರು ನೀರಿದೆ. ಅದರ ತೂಕ ೭೫,೦೦೦ ಕಿಲೋಗ್ರಾಂ. ನೀರಿನ ಉಷ್ಣತೆ ೧೦ ಡಿಗ್ರಿ ಇರಲಿ. ಒಂದು ಕಿಲೋಗ್ರಾಂ ನೀರು ಒಂದು ಡಿಗ್ರಿ ತಣಿಯಬೇಕಾದರೆ ಒಂದು ಕಿಲೊಕ್ಯಾಲೊರಿ ಶಾಖವನ್ನು ಬಿಟ್ಟುಕೊಡಬೇಕು. ಹೀಗಾಗಿ ಕೊಳದ ನೀರೆಲ್ಲವೂ ಶೂನ್ಯ ಡಿಗ್ರಿಗೆ ಇಳಿಯಬೇಕಾದರೆ ೭,೫೦,೦೦೦ ಕಿಲೊಕ್ಯಾಲೊರಿ ಶಾಖ ಹೊರಹೋಗಬೇಕು. ಕೊಳದ ಪಕ್ಕ ಮತ್ತು ತಳಗಳನ್ನು ಮಣ್ಣು ಅಪ್ಪಿಕೊಂಡಿರುವುದರಿಂದ ಶಾಖ ಸೋರುವುದು ಮುಖ್ಯವಾಗಿ ಮೇಲಿನ ೫೦ ಚದರ ಮೀಟರಿನಿಂದ. ಗಾಳಿ ಬೀಸುತ್ತಿರುವ ಕಡುಚಳಿಯಲ್ಲಿ ಪ್ರತಿ ಚದರ ಮೀಟರೂ ಗಂಟೆಗೆ ಸುಮಾರು ೨೫೦ ಕಿಲೊಕ್ಯಾಲೊರಿ ಕಳೆದುಕೊಳ್ಳುವುದೆಂದು ಹಿಡಿಯೋಣ. ಆಗ ಇಡೀ ಕೊಳದ ನಷ್ಟ ಗಂಟೆಗೆ ೧೨,೫೦೦ ಕಿಲೊಕ್ಯಾಲೊರಿ. ಭಾಗಿಸಿ ನೋಡಿದರೆ ಕೊಳವು ಶೂನ್ಯವನ್ನು ಮುಟ್ಟಲು ೬೦ ಗಂಟೆ, ಅಂದರೆ ಎರಡೂವರೆ ದಿವಸ ಬೇಕು.

ಇನ್ನು ಬಯಲಿನಲ್ಲಿರುವ ಕೊಳವೆಯ ಗತಿಯನ್ನು ನೋಡೋಣ. ಸಾಮಾನ್ಯವಾಗಿ ಬಳಸುವ ಎರಡಂಗುಲದ ಪಿ.ವಿ.ಸಿ. ಕೊಳವೆಯ ಒಂದು ಮೀಟರಿನಲ್ಲಿ ಹಿಡಿಯುವ ನೀರು ಸುಮಾರು ೨ ಲೀಟರು. ಅದು ೧೦ ಡಿಗ್ರಿಯಿಂದ ಶೂನ್ಯಕ್ಕೆ ಇಳಿಯಲು ಬಿಟ್ಟುಕೊಡಬೇಕಾದದ್ದು ೨೦ ಕಿಲೊಕ್ಯಾಲೊರಿ ಮಾತ್ರ. ಆ ಒಂದು ಮೀಟರಿನ ಹೊರಮೈ ಸುಮಾರು ೦.೨ ಚದರ ಮೀಟರು. ಅದೇ ದರದಲ್ಲಿ ಅದರ ನಷ್ಟ ಗಂಟೆಗೆ ೫೦ ಕಿಲೊಕ್ಯಾಲೊರಿ. ಎಂದರೆ ೨೪ ನಿಮಿಷಗಳಲ್ಲಿ ಕೊಳವೆಯ ನೀರು ಶೂನ್ಯವನ್ನು ಮುಟ್ಟಿಬಿಡುತ್ತದೆ!

ಕೊಳದಲ್ಲಿ ಒಂದು ಚದರ ಮೀಟರು ಮೈಗೆ ೧,೫೦೦ ಲೀಟರು ನೀರಿನ ಬೆಂಬಲವಿದೆ; ಕೊಳವೆಯಲ್ಲಿ ಅಷ್ಟೇ ಮೈಗೆ ೧೦ ಲೀಟರು ಮಾತ್ರ. ಈ ನೂರೈವತ್ತು ಪಟ್ಟು ಅಂತರವೇ ಎಲ್ಲದರ ಮೂಲ. ಗಾಳಿಯ ವೇಗ, ಚಳಿಯ ತೀವ್ರತೆಗಳು ಬದಲಾದಂತೆ ಗಂಟೆ ನಿಮಿಷಗಳ ಅಂಕಿಗಳು ಬದಲಾಗಬಹುದು. ಎರಡರ ನಡುವಣ ಪ್ರಮಾಣವು ಹೆಚ್ಚು ಬದಲಾಗದು.

ಶೂನ್ಯಕ್ಕೆ ಇಳಿದ ಮಾತ್ರಕ್ಕೆ ನೀರು ಗಡ್ಡೆಯಾಗುವುದಿಲ್ಲವಷ್ಟೆ. ಪ್ರತಿ ಕಿಲೋಗ್ರಾಮೂ ೮೦ ಕಿಲೊಕ್ಯಾಲೊರಿಗಳ ಗುಪ್ತೋಷ್ಣವನ್ನು ಬಿಟ್ಟುಕೊಡಬೇಕು. ಕೊಳವೆಯ ೨ ಲೀಟರು ನೀರು ಪೂರ್ತಿ ಗಡ್ಡೆಕಟ್ಟಲು ೧೬೦ ಕಿಲೊಕ್ಯಾಲೊರಿ ಹೋಗಬೇಕು. ಅದಕ್ಕೆ ಮೂರು ಗಂಟೆಗೂ ಮೇಲೆ ಬೇಕು. ಆದರೆ ಕೊಳವೆ ಒಡೆಯಲು ನೀರು ಪೂರ್ತಿಯಾಗಿ ಗಡ್ಡೆಯಾಗಬೇಕಾಗಿಲ್ಲ.

ಕೊಳವೆ ಒಡೆಯುವ ಬಗೆ

ನೀರಿನ ಅಣುಗಳು ದ್ರವರೂಪದಲ್ಲಿರುವಾಗ ಒಂದರ ಬಳಿಯೊಂದು ಒತ್ತಾಗಿ ಸರಿದಾಡುತ್ತವೆ. ಹೆಪ್ಪುಗಟ್ಟುವಾಗ ಒಂದೊಂದು ಅಣುವೂ ತನ್ನ ನೆರೆಯ ನಾಲ್ಕು ಅಣುಗಳೊಡನೆ ಜಲಜನಕ ಬಂಧಗಳಿಂದ ಕಟ್ಟಿಕೊಂಡು, ಆರು ಮೂಲೆಗಳ ಹೆಣಿಗೆಯಾಗಿ ನಿಲ್ಲುತ್ತದೆ. ಈ ಹೆಣಿಗೆಯ ನಡುವೆ ಬಯಲು ಹೆಚ್ಚು. ಆದುದರಿಂದಲೇ ೧ ಲೀಟರು ನೀರು ಸುಮಾರು ೧.೦೯ ಲೀಟರು ಮಂಜುಗಡ್ಡೆಯಾಗುತ್ತದೆ.

ಕೊಳದ ಮೇಲ್ಮೈಯಲ್ಲಿ ಗಡ್ಡೆ ಕಟ್ಟಿದರೆ ಅದಕ್ಕೆ ಮೇಲಕ್ಕೆ ಉಬ್ಬಲು ಅವಕಾಶವಿದೆ. ಅದು ಹಗುರವಾದುದರಿಂದ ತೇಲುತ್ತದೆ. ಸಿಹಿನೀರಿನ ಸಾಂದ್ರತೆ ೪ ಡಿಗ್ರಿಯಲ್ಲಿ ಅತ್ಯಧಿಕವಾಗಿರುವುದರಿಂದ, ಕೆಳಗಿನ ನೀರು ಆ ಉಷ್ಣತೆಯ ಆಸುಪಾಸಿನಲ್ಲಿ ದ್ರವವಾಗಿಯೇ ಉಳಿಯಬಲ್ಲುದು. ಹೀಗೆ ಕೊಳವು ತನಗೆ ತಾನೇ ಒಂದು ಹೊದಿಕೆಯನ್ನು ಹೊದೆದುಕೊಳ್ಳುತ್ತದೆ. ದಪ್ಪನಾದ ಗಡ್ಡೆಯು ಅಂಚಿನ ಹೆಂಚುಬಿಲ್ಲೆಗಳನ್ನು ಒತ್ತಿ ಕೀಳಬಹುದಾದರೂ, ಕೊಳದ ಒಡಲಿಗೆ ಸಾಮಾನ್ಯವಾಗಿ ಕೇಡಿಲ್ಲ.

ಕೊಳವೆಯ ಮಾತೇ ಬೇರೆ. ಅದರ ಯಾವುದೋ ಒಂದು ಕಡೆ, ಗಾಳಿ ಹೆಚ್ಚಾಗಿ ತಗಲುವ ಮೊಣಕೈಯಲ್ಲೋ ಕವಾಟದ ಬಳಿಯಲ್ಲೋ, ಮೊದಲು ಗಡ್ಡೆ ಕಟ್ಟಿ ಬಿರಡೆಯಂತೆ ಕೂರುತ್ತದೆ. ಆ ಬಿರಡೆಗೂ ಆಚೆಯ ಮುಚ್ಚಿದ ಕವಾಟಕ್ಕೂ ನಡುವೆ ಇನ್ನೂ ಹೆಪ್ಪುಗಟ್ಟದ ನೀರು ಸೆರೆಸಿಕ್ಕುತ್ತದೆ. ಗಡ್ಡೆ ಬೆಳೆದಂತೆಲ್ಲ ಈ ಸೆರೆಸಿಕ್ಕ ನೀರನ್ನು ಒತ್ತುತ್ತದೆ. ನೀರೋ ಕುಗ್ಗಲು ಒಪ್ಪದ ವಸ್ತು. ೧೦೦ ವಾಯುಮಂಡಲಗಳ ಒತ್ತಡ ಹಾಕಿದರೂ ಅದು ಕುಗ್ಗುವುದು ನೂರಕ್ಕೆ ಅರ್ಧಪಾಲಿಗಿಂತ ಕಡಿಮೆ. ಸೆರೆಯಲ್ಲಿರುವ ನೀರಿನ ಇಪ್ಪತ್ತರಲ್ಲೊಂದು ಪಾಲು ಗಡ್ಡೆಯಾಯಿತೆನ್ನೋಣ. ಅದರಿಂದ ಗಾತ್ರವು ನೂರಕ್ಕೆ ಸುಮಾರು ೦.೪೫ರಷ್ಟು ಹೆಚ್ಚುತ್ತದೆ. ಕೊಳವೆ ಸ್ವಲ್ಪವೂ ಹಿಗ್ಗದಿದ್ದರೆ ಇಷ್ಟರಿಂದಲೇ ಒಳಗಿನ ಒತ್ತಡ ೧೦೦ ವಾಯುಮಂಡಲಗಳ ಸಮೀಪಕ್ಕೆ ಏರಬೇಕು. ಮೇಲೆ ಹೇಳಿದಂತಹ ಕೊಳವೆಯನ್ನು ತಯಾರಿಸಿರುವುದಾದರೋ ಸುಮಾರು ೨೦ ವಾಯುಮಂಡಲಗಳ ಒತ್ತಡದಲ್ಲಿ ಕೆಲಸಮಾಡುವುದಕ್ಕೆ. ಅದು ಮೊದಲು ಸ್ವಲ್ಪ ಹಿಗ್ಗಿ, ಕೊನೆಗೆ ಸೀಳುತ್ತದೆ. ಸೀಳುವ ಜಾಗವು ಗಡ್ಡೆ ಕಟ್ಟಿದ ಜಾಗವೇ ಆಗಿರಬೇಕೆಂಬ ನಿಯಮವಿಲ್ಲ. ಸೆರೆಸಿಕ್ಕ ನೀರಿರುವೆಡೆಯಲ್ಲಿ ಎಲ್ಲಿ ಬಲ ಕಡಿಮೆಯೋ ಅಲ್ಲಿ ಒಡೆಯುತ್ತದೆ.

ಈ ಶಕ್ತಿಯ ಅಗಾಧತೆಯನ್ನು ಬಹು ಹಿಂದೆಯೇ ಪರೀಕ್ಷಿಸಿ ನೋಡಿದವರುಂಟು. ಕೆನಡಾದ ಕ್ವಿಬೆಕ್ ನಗರದಲ್ಲಿ ೧೭೮೪-೮೫ರ ಚಳಿಗಾಲದಲ್ಲಿ ಎಡ್ವರ್ಡ್ ವಿಲಿಯಮ್ಸ್ ಎಂಬ ಸೇನಾಧಿಕಾರಿಯು ದಪ್ಪ ಕಬ್ಬಿಣದ ಟೊಳ್ಳು ಗುಂಡುಗಳಲ್ಲಿ ನೀರು ತುಂಬಿ, ಬಾಯಿಗೆ ಬೆಣೆ ಜಡಿದು ಹೊರಗೆ ಚಳಿಯಲ್ಲಿಟ್ಟನು. ಕೆಲವು ಗುಂಡುಗಳಿಂದ ಬೆಣೆ ಸಿಡಿದು ದೂರಕ್ಕೆ ಹಾರಿತು. ಬೆಣೆ ಅಲುಗದಿದ್ದಲ್ಲಿ ಗುಂಡೇ ಬಿರಿಯಿತು. ನಮ್ಮ ಮನೆಗಳ ಫ್ರಿಜ್ಜಿನ ಶೈತ್ಯಕೋಶದಲ್ಲಿ ಗಾಜಿನ ಸೀಸೆಯನ್ನು ಅಂಚಿನವರೆಗೆ ತುಂಬಿ ಬಿಗಿದು ಇಡಬಾರದೆನ್ನುವುದೂ ಇದೇ ಕಾರಣಕ್ಕೆ.

ಮೊದಲನೆಯ ಉಪಾಯ: ನೀರನ್ನು ಹರಿಸುತ್ತಿರುವುದು

ಕೊಳದಲ್ಲಿ ಶಾಖದ ದೊಡ್ಡ ಭಂಡಾರವಿದೆ, ಕೊಳವೆಯಲ್ಲಿ ಇಲ್ಲ. ಹಾಗಿದ್ದರೆ ಕೊಳದ ಶಾಖವನ್ನು ಕೊಳವೆಗೆ ಕಡ ಕೊಡಬಾರದೇಕೆ? ಪಂಪನ್ನು ಎಡೆಬಿಡದೆ ನಡೆಸುವುದರಿಂದ ಆಗುವುದು ಇದೇ. ಪಂಪು ನಿಮಿಷಕ್ಕೆ ೧೫೦ ಲೀಟರು ನೀರನ್ನು ಸಾಗಿಸುತ್ತಿದ್ದರೆ, ಕೊಳವೆಯ ಒಂದು ಮೀಟರನ್ನು ನೀರು ದಾಟಲು ಒಂದು ಸೆಕೆಂಡೂ ಹಿಡಿಯುವುದಿಲ್ಲ. ೨೦ ಮೀಟರು ಕೊಳವೆ ಬಯಲಿನಲ್ಲಿದ್ದರೂ, ಮೇಲಿನ ದರದಂತೆ ಲೆಕ್ಕಹಾಕಿದರೆ, ಅದನ್ನು ಹಾಯ್ದು ಬಂದ ನೀರು ತಣಿದಿರುವುದು ಒಂದು ಡಿಗ್ರಿಯ ಒಂಬತ್ತನೆಯ ಒಂದು ಪಾಲು ಮಾತ್ರ. ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲವೆಂಬ ಜನರ ನಂಬಿಕೆಯಲ್ಲಿರುವ ಸತ್ಯಾಂಶ ಇದೇ. ಚಲನೆಗೆ ತನ್ನದೇ ಆದ ಮಾಯೆಯೇನೂ ಇಲ್ಲ. ಅದು ಬೆಚ್ಚನೆಯ ನೀರನ್ನು ತರುತ್ತಿರುತ್ತದೆ, ಅಷ್ಟೆ.

ಈ ಕಾರಣದಿಂದ ಟೆಕ್ಸಸ್ಸಿನ ಬಹಳ ಕೊಳಗಳಲ್ಲಿ, ಗಾಳಿಯ ಉಷ್ಣತೆ ೩ ಡಿಗ್ರಿಯ ಸಮೀಪಕ್ಕೆ ಬಂದೊಡನೆ ಪಂಪು ತಾನಾಗಿಯೇ ಹೊರಡುವಂತೆ ಸಾಧನವನ್ನು ಅಳವಡಿಸಿರುತ್ತಾರೆ. ಒಂದೆರಡು ರಾತ್ರಿಯ ಚಳಿಗೆ ಇದು ಸಾಕಾದ ರಕ್ಷಣೆ. ಆದರೆ ಎಲ್ಲ ಕವಾಟಗಳೂ ಸ್ವಲ್ಪವಾದರೂ ತೆರೆದಿರಬೇಕು. ನೀರು ಹಾಯದ ಕವಲೊಂದಿದ್ದರೆ ಅದು ಒಡೆಯುತ್ತದೆ.

೨೦೨೧ರಲ್ಲಿ ಸಂಭವಿಸಿದ್ದೇನೆಂದರೆ, ಈ ರಕ್ಷಣೆ ಅತ್ಯಂತ ಅಗತ್ಯವಾಗಿದ್ದ ಗಳಿಗೆಯಲ್ಲಿಯೇ ವಿದ್ಯುತ್ತು ನಿಂತಿತು. ಪಂಪು ನಿಂತೊಡನೆ ಕೊಳವೆಯ ಪಾಲಿಗೆ ಉಳಿದದ್ದು ತನ್ನೊಳಗಿನ ಎರಡೆರಡು ಲೀಟರು ನೀರು. ಕೆಲವರು ಯಂತ್ರಗಳಿಗೆ ಕಂಬಳಿಗಳನ್ನು ಹೊದಿಸಿದರು. ಕಂಬಳಿಯು ಶಾಖವನ್ನು ಹುಟ್ಟಿಸುವುದಿಲ್ಲ, ಸೋರುವುದನ್ನು ತಡಮಾಡುತ್ತದೆ. ನಷ್ಟವನ್ನು ಅರ್ಧಕ್ಕೆ ಇಳಿಸಿದರೂ ೨೪ ನಿಮಿಷ ೪೮ ನಿಮಿಷವಾದೀತೇ ಹೊರತು ದಿನಗಟ್ಟಲೆ ಚಳಿಯನ್ನು ಎದುರಿಸಲಾಗದು. ಉಪ್ಪುನೀರಿನ ಕೊಳವಾದರೆ ಭಯವಿಲ್ಲವೆಂಬ ಭಾವನೆಯೂ ಸರಿಯಲ್ಲ. ಅಂತಹ ಕೊಳಗಳಲ್ಲಿ ಲೀಟರಿಗೆ ಸುಮಾರು ೩ ಗ್ರಾಂ ಉಪ್ಪಿರುತ್ತದೆ; ಅದು ಹೆಪ್ಪುಗಟ್ಟುವ ಬಿಂದುವನ್ನು ಇಳಿಸುವುದು ಒಂದು ಡಿಗ್ರಿಯ ಐದನೆಯ ಒಂದು ಪಾಲಿನಷ್ಟು ಮಾತ್ರ.

ಎರಡನೆಯ ಉಪಾಯ: ನೀರನ್ನು ತೆಗೆದುಬಿಡುವುದು

ಕೊಳವೆಯನ್ನು ಒಡೆಯುವುದು ಚಳಿಯಲ್ಲ, ಒಳಗಿರುವ ನೀರು. ನೀರೇ ಇಲ್ಲವಾದರೆ ಒಡೆಯುವುದೂ ಇಲ್ಲ. ವಿದ್ಯುತ್ತು ನಿಂತಾಗ ಮಾಡಬೇಕಾದ ಕೆಲಸ ಈ ಒಂದು ತತ್ತ್ವದಿಂದಲೇ ಹೊರಡುತ್ತದೆ.

ಮೊಟ್ಟಮೊದಲು ಪಂಪಿಗೆ ವಿದ್ಯುತ್ತನ್ನು ಒಯ್ಯುವ ಸ್ವಿಚ್ಚನ್ನು ಫಲಕದಲ್ಲಿಯೇ ಆರಿಸಬೇಕು. ಇಲ್ಲವಾದರೆ ವಿದ್ಯುತ್ತು ಹಠಾತ್ತನೆ ಮರಳಿದಾಗ ಪಂಪು ನೀರಿಲ್ಲದೆ ತಿರುಗಿ ಸುಟ್ಟುಹೋಗಬಹುದು, ಕೈಯಿಟ್ಟವರಿಗೂ ಅಪಾಯ. ಯಂತ್ರಗಳು ಕೊಳದ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಕೊಳದ ಕಡೆಯಿಂದ ಬರುವ ಹಾಗೂ ಕೊಳಕ್ಕೆ ಮರಳುವ ಎರಡೂ ಕೊಳವೆಗಳ ಕವಾಟಗಳನ್ನು ಮುಚ್ಚಬೇಕು. ಇಲ್ಲದಿದ್ದರೆ ಕೊಳದ ನೀರೆಲ್ಲ ಇತ್ತ ಹರಿದುಬರುತ್ತದೆ. ಬಳಿಕ ಪಂಪಿನ ಮುಚ್ಚಳವನ್ನು ತೆರೆದು, ಪಂಪು, ಫಿಲ್ಟರು, ಹೀಟರುಗಳ ತಳದಲ್ಲಿರುವ ಬಿರಡೆಗಳನ್ನು ಇಕ್ಕಳದಿಂದ ಬಿಚ್ಚಬೇಕು. ಫಿಲ್ಟರಿನ ನೆತ್ತಿಯ ಗಾಳಿಕವಾಟವನ್ನೂ ತೆರೆಯಬೇಕು. ಮೇಲಿನಿಂದ ಗಾಳಿ ಒಳಗೆ ಬರದೆ ಕೆಳಗಿನಿಂದ ನೀರು ಇಳಿಯದು. ಬಿಚ್ಚಿದ ಬಿರಡೆಗಳನ್ನು ಪಂಪಿನ ಜಾಲರಿಬುಟ್ಟಿಯಲ್ಲಿಯೇ ಹಾಕಿಟ್ಟರೆ ಕಳೆದುಹೋಗುವ ಭಯವಿಲ್ಲ. ಎಲ್ಲೋ ತಗ್ಗಿನಲ್ಲಿ ಸ್ವಲ್ಪ ನೀರು ಉಳಿದರೂ ಚಿಂತೆಯಿಲ್ಲ. ಪಕ್ಕದಲ್ಲಿ ಗಾಳಿಯಿರುವುದರಿಂದ ಗಡ್ಡೆಗೆ ಹಿಗ್ಗಲು ಜಾಗವಿರುತ್ತದೆ.

ಈ ಉಪಾಯದಲ್ಲಿ ಇನ್ನೊಂದು ಗುಣವಿದೆ. ಇದಕ್ಕೆ ವಿದ್ಯುತ್ತು ಬೇಡ. ವಿದ್ಯುತ್ತಿನ ಕ್ಷಾಮ ತಲೆದೋರುವ ಸೂಚನೆಯಿರುವಾಗ ಮೊದಲೇ ನೀರನ್ನು ಇಳಿಸಿ ಪಂಪನ್ನು ನಿಲ್ಲಿಸಿದ ಮನೆಯವರು ತಮ್ಮ ಯಂತ್ರಗಳನ್ನು ಉಳಿಸಿಕೊಳ್ಳುವುದಲ್ಲದೆ, ನೆರೆಹೊರೆಯ ಮನೆಗಳನ್ನು ಬೆಚ್ಚಗಿಡಬೇಕಾದ ವಿದ್ಯುತ್ತನ್ನೂ ಅಷ್ಟರಮಟ್ಟಿಗೆ ಬಿಟ್ಟುಕೊಟ್ಟಂತಾಗುತ್ತದೆ.

ಚಳಿ ಇಳಿದ ಮೇಲೆ ಅವಸರ ಕೂಡದು. ಸೀಳಿದ ಕೊಳವೆಯನ್ನು ಒಳಗಿನ ಗಡ್ಡೆಯೇ ಮುಚ್ಚಿಕೊಂಡಿರುವುದರಿಂದ, ಒಡಕು ಕಾಣಿಸುವುದು ಗಡ್ಡೆ ಕರಗಿದ ಮೇಲೆಯೇ. ಎಲ್ಲವೂ ಕರಗಿದುದನ್ನು ಖಚಿತಮಾಡಿಕೊಂಡು, ಬಿರುಕುಗಳಿವೆಯೇ ಎಂದು ಪರೀಕ್ಷಿಸಿ, ಬಿರಡೆಗಳನ್ನು ತೊಡಿಸಿ, ಕವಾಟಗಳನ್ನು ತೆರೆದು, ಪಂಪಿನ ಬುಟ್ಟಿಗೆ ನೀರು ತುಂಬಿ, ಆಮೇಲೆ ಸ್ವಿಚ್ಚನ್ನು ಹಾಕಬೇಕು.

ಉತ್ತರದ ಸೀಮೆಯವರ ಪದ್ಧತಿ

ಮಿನಸೋಟದಂತಹ ಉತ್ತರದ ರಾಜ್ಯಗಳಲ್ಲಿ ಚಳಿ ತಿಂಗಳುಗಟ್ಟಲೆ ಇರುತ್ತದೆ. ಅಲ್ಲಿ ನೆಲವೇ ಒಂದು ಮೀಟರಿಗೂ ಹೆಚ್ಚು ಆಳದವರೆಗೆ ಹೆಪ್ಪುಗಟ್ಟುವುದುಂಟು. ಆದ್ದರಿಂದ ಹೂತ ಕೊಳವೆಗಳಿಗೂ ಅಲ್ಲಿ ರಕ್ಷಣೆ ಬೇಕು. ಚಳಿಗಾಲಕ್ಕೆ ಮೊದಲೇ ಕೊಳವನ್ನು ಮುಚ್ಚುವುದು ಅಲ್ಲಿನ ರೂಢಿ. ಗಾಳಿಯಂತ್ರದಿಂದ ಕೊಳವೆಗಳೊಳಗಿನ ನೀರನ್ನು ಊದಿ ಹೊರದೂಡಿ, ತುದಿಗಳಿಗೆ ರಬ್ಬರಿನ ಬಿರಡೆಗಳನ್ನು ಬಿಗಿಯುತ್ತಾರೆ. ನೀರು ಉಳಿದಿರಬಹುದಾದ ಕಡೆಗೆ ಪ್ರೊಪಿಲೀನ್ ಗ್ಲೈಕಾಲ್ ಎಂಬ, ಹೆಪ್ಪುಗಟ್ಟುವ ಬಿಂದುವನ್ನು ಬಹಳ ಕೆಳಗಿಳಿಸುವ ದ್ರವವನ್ನು ಸುರಿಯುತ್ತಾರೆ. ಮೋಟಾರುಗಾಡಿಗಳಲ್ಲಿ ಬಳಸುವ ಎಥಿಲೀನ್ ಗ್ಲೈಕಾಲ್ ವಿಷವಾದುದರಿಂದ ಅದನ್ನು ಇಲ್ಲಿ ಉಪಯೋಗಿಸಕೂಡದು. ಸ್ಕಿಮ್ಮರಿನ ಗೂಡಿನಲ್ಲಿ ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಸೀಸೆಯೊಂದನ್ನು ನಿಲ್ಲಿಸುವುದೂ ಉಂಟು. ಗಡ್ಡೆ ಹಿಗ್ಗಿದಾಗ ಗೂಡಿಗೆ ಬದಲಾಗಿ ಆ ಸೀಸೆ ಕುಗ್ಗಿ ಜಾಗ ಕೊಡುತ್ತದೆ.

ಇಷ್ಟೆಲ್ಲ ತೊಂದರೆಯೇಕೆ, ಕೊಳವನ್ನೇ ಬರಿದುಮಾಡಿದರಾಗದೆ ಎಂದು ಕೆಲವರು ಕೇಳಬಹುದು. ಇದು ದೊಡ್ಡ ಅಪಾಯಕ್ಕೆ ದಾರಿ. ಕೊಳದ ಸುತ್ತಣ ಮಣ್ಣಿನಲ್ಲಿ ಅಂತರ್ಜಲವಿರುವಲ್ಲಿ, ಆರ್ಕಿಮಿಡೀಸನ ತತ್ತ್ವದಂತೆ ಅದು ಕೊಳದ ಒಡಲನ್ನು ಮೇಲಕ್ಕೆ ಎತ್ತುತ್ತಿರುತ್ತದೆ. ಒಳಗಿನ ನೀರಿನ ಭಾರವೇ ಅದನ್ನು ಕೆಳಗೆ ಹಿಡಿದಿಡುವುದು. ನೀರನ್ನು ತೆಗೆದರೆ ಖಾಲಿ ಕೊಳವು ದೋಣಿಯಂತೆ ಮೇಲೆದ್ದು ಬಿರಿಯಬಹುದು.

ಮನುಷ್ಯರ ರಕ್ಷಣೆ

ಕೊಳದ ಮೇಲೆ ಕಟ್ಟಿದ ಗಡ್ಡೆಯ ಮೇಲೆ ಯಾರೂ ಕಾಲಿಡಬಾರದು. ಕೆಳಗೆ ನೀರು ದ್ರವವಾಗಿಯೇ ಇರುವುದರಿಂದ ಗಡ್ಡೆ ಒಡೆದು ಒಳಗೆ ಬಿದ್ದವರು ಮೇಲೆ ಬರುವುದು ಕಷ್ಟ. ಮಕ್ಕಳಿರುವ ಮನೆಗಳಲ್ಲಿ ಕೊಳದ ಬೇಲಿಯ ಬಾಗಿಲು ಚಳಿಗಾಲದಲ್ಲಿಯೂ ಮುಚ್ಚಿರಬೇಕು. ಪಂಪನ್ನೋ ಮನೆಯನ್ನೋ ಉಳಿಸಿಕೊಳ್ಳಲು ಜನರೇಟರನ್ನು ಒಳಾಂಗಣದಲ್ಲಾಗಲಿ ಗ್ಯಾರೇಜಿನಲ್ಲಾಗಲಿ ನಡೆಸುವುದು ಇನ್ನೂ ಘೋರವಾದ ಅಪಾಯ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ೨೦೨೧ರ ಆ ವಾರ ಟೆಕ್ಸಸ್ಸಿನಲ್ಲಿ ಈ ಅನಿಲದ ವಿಷಕ್ಕೆ ತುತ್ತಾದವರು ಅನೇಕರು.

ಅದೇ ವಾರ ನಗರದ ನೀರಿನ ಸರಬರಾಜು ನಿಂತಾಗ, ಎಷ್ಟೋ ಮನೆಯವರು ಕೊಳದ ಗಡ್ಡೆಯನ್ನು ಒಡೆದು ಬಕೆಟ್ಟಿನಲ್ಲಿ ನೀರೆತ್ತಿ ಶೌಚಕ್ಕೆ ಬಳಸಿಕೊಂಡರು. ಕೊಳವೆಗಳೆಲ್ಲ ಒಡೆದುಹೋಗಿದ್ದಾಗಲೂ ಕೊಳದ ನೀರು ಗಡ್ಡೆಯ ಅಡಿಯಲ್ಲಿ ನೀರಾಗಿಯೇ ಉಳಿದಿದ್ದುದಕ್ಕೆ ಇದೇ ಸಾಕ್ಷಿ. ದೊಡ್ಡ ನೀರು ತನ್ನನ್ನು ತಾನು ಕಾಯ್ದುಕೊಳ್ಳಬಲ್ಲುದು; ನಾವು ಕಾಯಬೇಕಾದದ್ದು ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಸ್ವಲ್ಪ ನೀರನ್ನು. ಅದನ್ನು ಹರಿಸುತ್ತಿರಬೇಕು, ಹರಿಸಲಾಗದಿದ್ದರೆ ತೆಗೆದುಬಿಡಬೇಕು, ತೆಗೆಯಲಾಗದಿದ್ದರೆ ಹಿಗ್ಗಲು ಜಾಗ ಕೊಡಬೇಕು. ಚಳಿಸೀಮೆಗಳಲ್ಲಿ ಮನೆಯ ನಲ್ಲಿ, ತೋಟದ ಕೊಳವೆ, ಮೋಟಾರುಗಾಡಿಯ ರೇಡಿಯೇಟರು ಮುಂತಾದವುಗಳ ರಕ್ಷಣೆಗೂ ಈ ಮೂರು ಸೂತ್ರಗಳೇ ಆಧಾರ. ವಿದ್ಯಾಭ್ಯಾಸಕ್ಕೋ ಉದ್ಯೋಗಕ್ಕೋ ಅಂತಹ ಸೀಮೆಗಳಿಗೆ ಹೋಗಲಿರುವ ನಮ್ಮ ವಿದ್ಯಾರ್ಥಿಗಳು ಇವನ್ನು ನೆನಪಿನಲ್ಲಿಟ್ಟುಕೊಂಡರೆ ಪ್ರಯೋಜನವುಂಟು.